ಬೀಗ ಹುಡುಕಲು ಮಾಡಿದ ಕೀಲಿಕೈ

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೊಳ್ತೀವಿ ಅನ್ನೋರಿಗಾಗಿ. ಬೋರ್ಡ್ ಮೇಲೆ ಬರೆದ ಗ್ರಾಫನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು, ಒಂಚೂರು ಸಹಿಸಿಕೊಳ್ಳಿ. ಮೊದಲೇ ಹೇಳಿಬಿಡ್ತೀನಿ: ನಾನು ವೈದ್ಯನೂ ಅಲ್ಲ, ಕೆಮಿಸ್ಟೂ ಅಲ್ಲ. ಪುಣೆಯಲ್ಲಿ ಕೂತು ಕೋಡ್ ಬರೆಯುವವನು. ಆದರೆ ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವನಿಗೆ ಇದು ಒಂದು ಫೀಡ್‌ಬ್ಯಾಕ್ ಲೂಪಿನ ಕಥೆಯಾಗಿ ಕಾಣುತ್ತದೆ. ಹಾಗಾಗಿ ಕೈ ಹಾಕಿದ್ದೇನೆ.

2008ರ ಡಿಸೆಂಬರ್. ಜರ್ಮನಿಯಲ್ಲಿ ಆಗ ‘ಸ್ಪೈಸ್’ ಅನ್ನೋ ಹೆಸರಿನ ಸಣ್ಣ ಸಣ್ಣ ಪೊಟ್ಟಣಗಳು ಭರ್ಜರಿಯಾಗಿ ಮಾರಾಟವಾಗುತ್ತಿದ್ದವು. ಫಳಫಳ ಹೊಳೆಯುವ ಪ್ಯಾಕೆಟ್, ಒಳಗೆ ಒಣಸೊಪ್ಪಿನ ಚೂರು. ಮೇಲೆ ಬರೆದದ್ದು: ಇದು ಧೂಪ, ಮನುಷ್ಯರ ಸೇವನೆಗೆ ಅಲ್ಲ. ತಾವರೆ, ನೀಲಿ ನೈದಿಲೆ ಅಂತೆಲ್ಲ ಗಿಡಮೂಲಿಕೆಗಳ ಪಟ್ಟಿ. ಕೊಂಡವರು ಯಾರೂ ದೇವರಿಗೆ ಹಚ್ಚಲಿಲ್ಲ ಬಿಡಿ, ಸುತ್ತಿ ಸೇದಿದರು. ಗಾಂಜಾ ಸೇದಿದ ಹಾಗೇ ಅಮಲು, ಆದರೆ ಮೂತ್ರ ಪರೀಕ್ಷೆ ಮಾಡಿದರೆ ಗಾಂಜಾ ಇಲ್ಲ. ಸೊಪ್ಪಿಗೆ ಈ ಶಕ್ತಿ ಎಲ್ಲಿಂದ ಬಂತು ಅನ್ನೋದೇ ಒಗಟು. ಫ್ರಾಂಕ್‌ಫರ್ಟ್‌ನಲ್ಲಿ ಗಾಂಜಾ ಮೂಲದ ಔಷಧಿ ತಯಾರಿಸುವ ಟಿಎಚ್‌ಸಿ ಫಾರ್ಮ್ ಎಂಬ ಕಂಪನಿ ಆ ತಿಂಗಳು ಒಗಟನ್ನು ಬಿಡಿಸಿತು. ಸೊಪ್ಪು ಬರೀ ವೇಷ. ಅದರ ಮೇಲೆ ಸಿಂಪಡಿಸಿದ್ದು ಜೆಡಬ್ಲ್ಯೂಎಚ್-018 ಎಂಬ ಲ್ಯಾಬ್‌ನಲ್ಲಿ ಹುಟ್ಟಿದ ರಾಸಾಯನಿಕ.

ಫ್ರೈಬರ್ಗ್ ವಿಶ್ವವಿದ್ಯಾಲಯದ ಫೋಲ್ಕರ್ ಔವೆರ್ಟರ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಂಡದವರೇ ಇಬ್ಬರು ಒಂದೊಂದು ಸಿಗರೇಟಿನಷ್ಟು ಸೇದಿ, ತಮ್ಮದೇ ರಕ್ತ, ಮೂತ್ರ ತೆಗೆದು ಪರೀಕ್ಷಿಸಿದರು! ಕಣ್ಣು ಕೆಂಪಾಯಿತು, ನಾಡಿ ಏರಿತು, ಬಾಯಿ ಒಣಗಿತು, ಮನಸ್ಸು ಮಂಕಾಯಿತು. ಈಗಿನ ಕಾಲದ ಯಾವ ನೈತಿಕ ಸಮಿತಿಯೂ ಒಪ್ಪುವ ಪ್ರಯೋಗ ಅಲ್ಲ ಇದು, ಆದರೆ ವಾದ ಮುಗಿಯಿತು. ಅದೇ ಪೊಟ್ಟಣಗಳಲ್ಲಿ ಅವರಿಗೆ ಇನ್ನೊಂದು ರಾಸಾಯನಿಕವೂ ಸಿಕ್ಕಿತು: ಸಿಪಿ-47,497 ಎಂಬುದರ ಹತ್ತಿರದ ದಾಯಾದಿ. 2009ರ ಜನವರಿಯಲ್ಲೇ ಜರ್ಮನಿ ಇವನ್ನು ನಿಷೇಧಿಸಿತು.

ಈಗ ಆ ಹೆಸರುಗಳನ್ನು ನೋಡಿ. ಇವು ಕಳ್ಳದಂಧೆಯವರು ಇಟ್ಟ ಹೆಸರುಗಳಲ್ಲ. ಸಿಪಿ ಅಂದರೆ ಚಾರ್ಲ್ಸ್ ಫೈಜರ್, ಅಂದರೆ ಫೈಜರ್ ಕಂಪನಿ. ಜೆಡಬ್ಲ್ಯೂಎಚ್ ಅಂದರೆ ಜಾನ್ ಡಬ್ಲ್ಯೂ. ಹಫ್‌ಮನ್, ಅಮೆರಿಕದ ಸೌತ್ ಕ್ಯಾರೊಲಿನಾದ ಕ್ಲೆಮ್‌ಸನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 018 ಅಂದರೆ ಅವರ ಸರಣಿಯ ಹದಿನೆಂಟನೆಯದು. ನಮ್ಮ ಕಡೆ ಟಿಕೆಟ್ ನಂಬರ್ ಹಾಕ್ತೀವಲ್ಲ, ಹಾಗೆ. ಪ್ರಶ್ನೆ ಏನಂದ್ರೆ, ಮರ್ಯಾದಸ್ಥ ಪ್ರಾಧ್ಯಾಪಕರ ಟಿಕೆಟ್ ನಂಬರೊಂದು ಫ್ರಾಂಕ್‌ಫರ್ಟ್‌ನ ಧೂಪದ ಪೊಟ್ಟಣಕ್ಕೆ ಬಂದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಹಿಂದಕ್ಕೆ ಹೋಗಬೇಕು.

ಭಂಗಿ ನಮ್ಮ ದೇಶಕ್ಕೆ ಹೊಸದಲ್ಲ. ಉತ್ತರ ಪ್ರದೇಶದಲ್ಲಿ ಇವತ್ತಿಗೂ ಸರಕಾರಿ ಲೈಸೆನ್ಸಿನ ಭಂಗ್ ಅಂಗಡಿಗಳಿವೆ. 1985ರ ಎನ್‌ಡಿಪಿಎಸ್ ಕಾಯ್ದೆ ಕೂಡ ಗಾಂಜಾ ಅಂತ ಹೇಳುವುದು ಹೂವಿನ ತುದಿಗಳಿಗೆ, ಬರೀ ಎಲೆಗಲ್ಲ. ಪಶ್ಚಿಮದ ವೈದ್ಯಶಾಸ್ತ್ರಕ್ಕೆ ಇದನ್ನು ಗಂಭೀರವಾಗಿ ಪರಿಚಯಿಸಿದ್ದೂ ಕಲ್ಕತ್ತದಿಂದಲೇ. 1839ರಲ್ಲಿ ವಿಲಿಯಂ ಓಶಾಗ್ನೆಸಿ ಎಂಬ ಐರಿಷ್ ವೈದ್ಯ ಅಲ್ಲಿ ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪ್ರಯೋಗ ಮಾಡಿ ಬರೆದ. ಇಷ್ಟೆಲ್ಲ ಆದರೂ ಅದರೊಳಗೆ ಕೆಲಸ ಮಾಡುವ ವಸ್ತು ಯಾವುದು ಅಂತ ಗೊತ್ತಾಗಲು ಇನ್ನೂ ನೂರಿಪ್ಪತ್ತೈದು ವರ್ಷ ಬೇಕಾಯಿತು. ಮಾರ್ಫಿನ್ 19ನೇ ಶತಮಾನದ ಆರಂಭದಲ್ಲೇ ಸಿಕ್ಕಿತ್ತು, ಕೊಕೇನ್ ಅದೇ ಶತಮಾನದ ನಡುವಿನಲ್ಲಿ. ಗಾಂಜಾದ್ದು ಮಾತ್ರ ಎಣ್ಣೆಯಂಥ ಜಿಡ್ಡು, ಹರಳಾಗಿ ಕೈಗೆ ಸಿಗುತ್ತಿರಲಿಲ್ಲ.

ಇಸ್ರೇಲಿನ ರಾಫೆಲ್ ಮೆಶೌಲಂ ಅದನ್ನು ಬಿಡಿಸಿದರು. ಅವರು ಟೆಲ್ ಅವೀವ್ ಪೊಲೀಸರಿಂದ ಐದು ಕಿಲೋ ಜಫ್ತಿ ಮಾಡಿದ ಚರಸ್ ಪಡೆದು, ಚೀಲದಲ್ಲಿ ಹಾಕಿಕೊಂಡು ಸಿಟಿ ಬಸ್ಸಿನಲ್ಲೇ ಲ್ಯಾಬಿಗೆ ಬಂದ ಕಥೆ ಪ್ರಸಿದ್ಧ. ಬಸ್ಸಲ್ಲಿ ಎಲ್ಲರೂ ಮೂಗರಳಿಸಿ ಇದೇನು ವಾಸನೆ ಅಂತ ನೋಡ್ತಿದ್ರಂತೆ. 1964ರಲ್ಲಿ ಅವರೂ ಯೆಹಿಯೇಲ್ ಗಾವೊನಿ ಅವರೂ ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆ ಬರೆದರು.

ಕೀಲಿಕೈ ಸಿಕ್ಕಿತು. ಬೀಗ ಎಲ್ಲಿ? ದೇಹದಲ್ಲಿ ಇದಕ್ಕೆ ಪ್ರತ್ಯೇಕ ರಿಸೆಪ್ಟರ್ ಇದೆಯೋ, ಅಥವಾ ಜಿಡ್ಡು ವಸ್ತುವಾದ್ದರಿಂದ ಜೀವಕೋಶದ ಪೊರೆಯಲ್ಲಿ ಕರಗಿ ಎಲ್ಲವನ್ನೂ ಸ್ವಲ್ಪ ಸಡಿಲ ಮಾಡುತ್ತದೆಯೋ ಅಂತ ಎರಡು ದಶಕ ಚರ್ಚೆ ನಡೆಯಿತು. ಟಿಎಚ್‌ಸಿಯನ್ನೇ ಇಟ್ಟುಕೊಂಡು ಹುಡುಕೋಣ ಅಂದರೆ ಅದು ಸಿಕ್ಕಸಿಕ್ಕ ಕಡೆ ಅಂಟಿಕೊಳ್ಳುತ್ತದೆ. ಸಿಗ್ನಲ್ಲಿಗಿಂತ ನಾಯ್ಸೇ ಜಾಸ್ತಿ. ಬೇಕಾಗಿದ್ದು ಅದೇ ಬೀಗಕ್ಕೆ ಬಿಗಿಯಾಗಿ ಕೂರುವ ಇನ್ನೊಂದು ಕೀಲಿಕೈ. ನೋವು ನಿವಾರಕ ಹುಡುಕುತ್ತಿದ್ದ ಫೈಜರ್ ಕಂಪನಿ ಅಂಥದ್ದೊಂದು ಮಾಡಿಟ್ಟಿತ್ತು: ಸಿಪಿ-55,940. ಅದಕ್ಕೆ ವಿಕಿರಣಶೀಲ ಗುರುತು ಹಚ್ಚಿ, 1988ರಲ್ಲಿ ಸೇಂಟ್ ಲೂಯಿ ವಿಶ್ವವಿದ್ಯಾಲಯದ ಆ್ಯಲಿನ್ ಹೌಲೆಟ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ಬೀಗ ಇರುವುದನ್ನು ತೋರಿಸಿದರು. ಅದೇ ಸಿಬಿ1 ರಿಸೆಪ್ಟರ್. ಅಂದ್ರೆ ಸಿಂಥೆಟಿಕ್ ಕ್ಯಾನಬಿನಾಯ್ಡ್‌ಗಳು ಹುಟ್ಟಿದ್ದು ನಶೆಗಾಗಿ ಅಲ್ಲ. ಅವು ಉಪಕರಣಗಳು. ನಮ್ಮ ಭಾಷೇಲಿ ಡೀಬಗ್ ಪ್ರೋಬ್.

ಮಿದುಳಿನಲ್ಲಿ ಬೀಗ ಇದೆ ಅಂದಮೇಲೆ ದೇಹ ತನ್ನದೇ ಕೀಲಿಕೈ ಇಟ್ಟುಕೊಂಡಿರಲೇಬೇಕು, ಭಂಗಿ ಗಿಡಕ್ಕಾಗಿ ಯಾರೂ ಬೀಗ ಮಾಡಿಟ್ಟಿರಲ್ಲ. ಅದೇ ಡಿವೇನ್ ಜೆರುಸಲೇಮಿಗೆ ಹೋಗಿ, ಲೂಮೀರ್ ಹಾನುಷ್ ಮತ್ತು ಮೆಶೌಲಂ ಜೊತೆ ಹಂದಿಯ ಮಿದುಳಿನಿಂದ 1992ರಲ್ಲಿ ಅದನ್ನು ತೆಗೆದರು. ಹೆಸರು? ಆನಂದಮೈಡ್. ಹೌದು, ನಮ್ಮ ಆನಂದವೇ. ಸಂಸ್ಕೃತದ ಪದಕ್ಕೆ ‘ಅಮೈಡ್’ ಸೇರಿಸಿ ಇಟ್ಟ ಹೆಸರು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಆನಂದಮೈಡ್ ಏನು ಕೆಲಸ ಮಾಡುತ್ತೆ ಅಂತ ತಿಳಿಯಬೇಕು.

ಎರಡು ನರಕೋಶಗಳ ನಡುವೆ ಮಾಮೂಲಾಗಿ ಸಂದೇಶ ಒಂದೇ ದಿಕ್ಕಿಗೆ ಹೋಗುತ್ತದೆ. ಕಳಿಸುವ ಕೋಶ ಒಂದು ರಾಸಾಯನಿಕ ಬಿಡುತ್ತದೆ, ಪಡೆಯುವ ಕೋಶ ಕೆರಳುತ್ತದೆ. ಆದರೆ ಪಡೆಯುವ ಕೋಶಕ್ಕೆ ತೀರಾ ಜಾಸ್ತಿಯಾದಾಗ, ಅದು ಆನಂದಮೈಡ್‌ನಂಥ ವಸ್ತುವನ್ನು ಅಲ್ಲೇ, ಆಗಿಂದಾಗ್ಗೆ ತಯಾರಿಸಿ ಹಿಂದಕ್ಕೆ ಕಳಿಸುತ್ತದೆ. 2-ಎಜಿ ಎಂಬ ಇನ್ನೊಂದು ಇದೆ, ಈ ಕೆಲಸದಲ್ಲಿ ಅದರದ್ದೇ ದೊಡ್ಡ ಪಾಲು. ಅದು ಹೋಗಿ ಕಳಿಸುವ ಕೋಶದ ಸಿಬಿ1 ಮೇಲೆ ಕೂತು, ‘ಸಾಕು, ನಿಧಾನ’ ಅನ್ನುತ್ತದೆ. ಬ್ಯಾಕೆಂಡ್ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇದು ಬ್ಯಾಕ್‌ಪ್ರೆಶರ್. ಕ್ಯೂ ತುಂಬಿದಾಗ ಕನ್ಸ್ಯೂಮರ್ ಪ್ರೊಡ್ಯೂಸರಿಗೆ ತಡಿ ಅಂತ ಹೇಳೋದು. ಹೇಳಿ ಮುಗಿದ ಕೂಡಲೇ ಆ ಸಂದೇಶವನ್ನು ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು, ಅಷ್ಟೇ. 2001ರಲ್ಲಿ ಮೂರು ಬೇರೆ ಬೇರೆ ತಂಡಗಳು ಇದನ್ನು ಸಾಬೀತು ಮಾಡಿದವು.

ಇಂಥ ಬ್ರೇಕು ನೆನಪಿನ ಭಾಗದಲ್ಲಿದೆ, ಚಲನೆಯನ್ನು ಹಿಡಿದಿಡುವ ಭಾಗದಲ್ಲಿದೆ, ಹಸಿವು, ಭಯ, ವಾಂತಿಯ ಭಾಗಗಳಲ್ಲೂ ಇದೆ. ಉಸಿರಾಟ ನಡೆಸುವ ಮಿದುಳಿನ ಬುಡದ ಕೇಂದ್ರಗಳಲ್ಲಿ ಮಾತ್ರ ಬಹಳ ಕಡಿಮೆ. ಅಫೀಮು ಜಾಸ್ತಿಯಾದರೆ ಉಸಿರು ನಿಲ್ಲುವಂತೆ ಗಾಂಜಾ ಜಾಸ್ತಿಯಾದರೆ ನಿಲ್ಲದಿರುವುದಕ್ಕೆ ಕೊಡುವ ಮುಖ್ಯ ಕಾರಣ ಇದು.

ಈಗ ಆ ಗ್ರಾಫ್. ಅಡ್ಡಗೆರೆಯಲ್ಲಿ ಡೋಸ್, ನೇರಗೆರೆಯಲ್ಲಿ ಪರಿಣಾಮ. ಟಿಎಚ್‌ಸಿ ಹಾಕುತ್ತಾ ಹೋದಂತೆ ಗೆರೆ ಮೇಲೇರುತ್ತದೆ, ಆದರೆ ಪೂರ್ತಿ ಮೇಲೆ ಹೋಗುವ ಮೊದಲೇ ಮಟ್ಟಸವಾಗುತ್ತದೆ. ಇನ್ನೆಷ್ಟು ಹಾಕಿದರೂ ಬೀಗ ಅರ್ಧಂಬರ್ಧವೇ ತಿರುಗುತ್ತದೆ. ಇದಕ್ಕೆ ಪಾರ್ಷಿಯಲ್ ಅಗೊನಿಸ್ಟ್ ಅನ್ನುತ್ತಾರೆ. ಜೆಡಬ್ಲ್ಯೂಎಚ್-018 ಹಾಗಲ್ಲ, ಫುಲ್ ಅಗೊನಿಸ್ಟ್. ಗೆರೆ ಚಾವಣಿ ಮುಟ್ಟುತ್ತದೆ. ಜೊತೆಗೆ ಅದು ಬೀಗಕ್ಕೆ ಟಿಎಚ್‌ಸಿಗಿಂತ ನಾಲ್ಕೈದು ಪಟ್ಟು ಬಿಗಿಯಾಗಿ ಅಂಟುತ್ತದೆ, ಅಂದ್ರೆ ಗ್ರಾಫು ಎಡಕ್ಕೂ ಸರಿಯುತ್ತದೆ, ಕಡಿಮೆ ಡೋಸಿಗೇ ಏರುತ್ತದೆ. ಜನ ಇದನ್ನು ‘ಸ್ಟ್ರಾಂಗ್ ಗಾಂಜಾ’ ಅಂತಾರೆ. ಈ ಮಾತೇ ಅಪಾಯ. ಸ್ಟ್ರಾಂಗ್ ಕಾಫಿ ಅಂದರೆ ಅದೇ ಕಾಫಿ, ಡಿಕಾಕ್ಷನ್ ಜಾಸ್ತಿ. ಇಲ್ಲಿ ಹಾಗಲ್ಲ. ಟಿಎಚ್‌ಸಿಗೆ ಹುಟ್ಟಿನಿಂದಲೇ ಒಂದು ಲಿಮಿಟರ್ ಇದೆ, ಇದಕ್ಕೆ ಇಲ್ಲ. ದೇಹದ ಒಳಗೆ ಟಿಎಚ್‌ಸಿಯ ಡೋಸ್ ಎಷ್ಟು ಏರಿಸಿದರೂ ಈ ಗೆರೆಗೆ ತಲುಪಲಾಗದು.

ಇನ್ನೊಂದು ತೊಡಕೂ ಇದೆ. ಯಾವುದೇ ಔಷಧವನ್ನು ಯಕೃತ್ತು ಒಡೆದು ನಿಷ್ಕ್ರಿಯ ಮಾಡುತ್ತದೆ ಅಂದುಕೊಳ್ಳುತ್ತೇವೆ. ಜೆಡಬ್ಲ್ಯೂಎಚ್-018 ಒಡೆದಾಗ ಬರುವ ತುಣುಕುಗಳಲ್ಲಿ ಹಲವು ಇನ್ನೂ ಅದೇ ಬೀಗ ತಿರುಗಿಸುತ್ತಲೇ ಇರುತ್ತವೆ ಅಂತ 2011ರ ಹೊತ್ತಿಗೆ ಲ್ಯಾಬ್ ಪ್ರಯೋಗಗಳಲ್ಲಿ ಕಂಡುಬಂತು. ಪ್ರಾಸೆಸ್ ಕಿಲ್ ಮಾಡಿದರೂ ಚೈಲ್ಡ್ ಪ್ರಾಸೆಸ್‌ಗಳು ಓಡ್ತಾ ಇರೋ ಹಾಗೆ.

ಬ್ರೇಕನ್ನು ಪೂರ್ತಿ ಒತ್ತಿ ಹಿಡಿದರೆ ಏನಾಗುತ್ತೆ ಅಂತ ಮುಂದೆ ನೋಡ್ತೀವಿ. ಬ್ರೇಕನ್ನೇ ಕಿತ್ತರೆ? ಅದನ್ನೂ ಮನುಷ್ಯ ನೋಡಿಯಾಗಿದೆ. ಸಿಬಿ1 ಅನ್ನು ಮುಚ್ಚಿಬಿಡುವ ರಿಮೊನಬಾಂಟ್ ಎಂಬ ಮಾತ್ರೆಯನ್ನು ಸನೋಫಿ ಕಂಪನಿ ತೂಕ ಇಳಿಸಲೆಂದು ತಂದಿತು. ಯುರೋಪಿನಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಹಸಿವು ಕಡಿಮೆಯಾಯಿತು ನಿಜ, ಜೊತೆಗೆ ಕೆಲವರಿಗೆ ಬದುಕೋ ಆಸೆಯೂ. ಖಿನ್ನತೆ, ಆತ್ಮಹತ್ಯೆಯ ಆಲೋಚನೆಗಳ ವರದಿ ಬಂದು 2008ರ ಅಕ್ಟೋಬರಿನಲ್ಲಿ ಯುರೋಪ್ ಅದನ್ನು ತಡೆಹಿಡಿಯಿತು. ಭಾರತದಲ್ಲೂ ಮಾರಾಟವಾಗುತ್ತಿತ್ತು, 2009ರಲ್ಲಿ ನಿಷೇಧವಾಯಿತು. ಅಕ್ಟೋಬರಿನಲ್ಲಿ ಬ್ರೇಕ್ ಕೀಳುವ ಮಾತ್ರೆ ಹೋಯಿತು, ಡಿಸೆಂಬರಿನಲ್ಲಿ ಬ್ರೇಕ್ ಒತ್ತಿ ಹಿಡಿಯುವ ಪುಡಿ ಪತ್ತೆಯಾಯಿತು. ಒಂದೇ ಖಂಡ, ಎರಡೇ ತಿಂಗಳ ಅಂತರ.

ಇರ್ಲಿ, ಹಫ್‌ಮನ್ ಕಡೆಗೆ ಬರೋಣ. 1980ರ ದಶಕದ ನಡುವಿನಿಂದ ಅವರು ಅಮೆರಿಕ ಸರಕಾರದ ಮಾದಕವಸ್ತು ಸಂಶೋಧನಾ ಸಂಸ್ಥೆಯ ಹಣದಲ್ಲಿ ಈ ಬೀಗಕ್ಕೆ ಹೊಂದುವ ಕೀಲಿಕೈಗಳನ್ನು ಮಾಡುತ್ತಿದ್ದರು. ಉದ್ದೇಶ ಸರಳ: ಹಲ್ಲು ಸ್ವಲ್ಪ ಸ್ವಲ್ಪ ಬದಲಿಸಿ ನೂರಾರು ಕೀಲಿಕೈ ಮಾಡು, ಯಾವುದು ಹೇಗೆ ಕೂರುತ್ತೆ ನೋಡು, ಅದರಿಂದ ಬೀಗದ ಒಳಗಿನ ಆಕಾರ ಊಹಿಸು. ಇಪ್ಪತ್ತು ವರ್ಷದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಾಡಿದರು. ಸ್ಟರ್ಲಿಂಗ್-ವಿನ್‌ಥ್ರಾಪ್ ಕಂಪನಿಯವರು ನೋವಿನ ಔಷಧಿ ಹುಡುಕುವಾಗ ಇಂಡೋಲ್ ಗುಂಪಿನ ಅಣುಗಳೂ ಈ ಬೀಗಕ್ಕೆ ಕೂರುತ್ತವೆ ಅಂತ ಆಕಸ್ಮಿಕವಾಗಿ ಕಂಡಿದ್ದರು. ಅದನ್ನು ಇನ್ನಷ್ಟು ಸರಳ ಮಾಡಿದ್ದು ಹಫ್‌ಮನ್ ತಂಡ. ಅವರ ದೃಷ್ಟಿಯಿಂದ ಅದು ಒಳ್ಳೆಯ ಕೆಲಸ, ಯಾವ ವಿದ್ಯಾರ್ಥಿಯೂ ಕೆಲವೇ ದಿನದಲ್ಲಿ ಮಾಡಬಲ್ಲಷ್ಟು ಸುಲಭ. ಜೆಡಬ್ಲ್ಯೂಎಚ್-018 ಬೀದಿಗೆ ಬಂದದ್ದು ಅದು ಎಲ್ಲಕ್ಕಿಂತ ಚೆನ್ನಾಗಿದೆ ಅಂತಲ್ಲ, ಎಲ್ಲಕ್ಕಿಂತ ಸುಲಭ ಅಂತ.

ವಿಜ್ಞಾನದ ನಿಯಮದಂತೆ ಎಲ್ಲವನ್ನೂ ಪ್ರಕಟಿಸಿದರು. ಯಾರೋ ಓದಿದರು. ಇದರಲ್ಲಿ ಹಫ್‌ಮನ್ ಅವರ ತಪ್ಪಿದೆ ಅಂತ ನನಗನ್ನಿಸಲ್ಲ. ಪ್ರಕಟಿಸದೆ ಇದ್ದರೆ ಸಿಬಿ1 ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಅರ್ಧವೂ ಗೊತ್ತಿರುತ್ತಿರಲಿಲ್ಲ. ಇವನ್ನು ಸೇದೋದು ರಷ್ಯನ್ ರೂಲೆಟ್ ಆಡಿದ ಹಾಗೆ, ಗುಂಡು ಯಾವ ಕೋಣೆಯಲ್ಲಿದೆ ಗೊತ್ತಿಲ್ಲದೆ ಹಣೆಗಿಟ್ಟು ಕುದುರೆ ಎಳೆದ ಹಾಗೆ ಅಂತ ಅವರೇ ಪತ್ರಿಕೆಗಳಿಗೆ ಸಿಟ್ಟಿನಿಂದ ಹೇಳಿದ್ದರು.

ಆಮೇಲೆ ಶುರುವಾದದ್ದು ಕಾನೂನು ಮತ್ತು ಕ್ಯಾಟಲಾಗಿನ ಓಟ. ಅಮೆರಿಕ 2011ರ ಮಾರ್ಚ್‌ನಲ್ಲಿ ತುರ್ತು ಅಧಿಕಾರ ಬಳಸಿ ಐದು ರಾಸಾಯನಿಕಗಳನ್ನು ನಿಷೇಧಿಸಿತು, ಜೆಡಬ್ಲ್ಯೂಎಚ್-018 ಅದರಲ್ಲೊಂದು. ಮಾರುವವರು ಮುಂದಿನ ನಂಬರಿಗೆ ಹೋದರು. ಎಎಂ-2201 ಬಂತು (ಎಎಂ ಅಂದರೆ ಅಲೆಕ್ಸಾಂಡ್ರೋಸ್ ಮಾಕ್ರಿಯಾನಿಸ್, ಇನ್ನೊಬ್ಬ ಪ್ರಾಧ್ಯಾಪಕರು). ಅದೂ ನಿಷೇಧವಾದಾಗ ಎಕ್ಸ್‌ಎಲ್‌ಆರ್-11. ಇಲ್ಲಿಂದ ಹೆಸರುಗಳ ಲಹರಿಯೇ ಬದಲಾಗುತ್ತೆ ನೋಡಿ. ಎಕ್ಸ್‌ಎಲ್‌ಆರ್-11 ಅನ್ನೋದು 1947ರಲ್ಲಿ ಶಬ್ದದ ವೇಗ ಮೀರಿದ ಅಮೆರಿಕದ ವಿಮಾನದ ರಾಕೆಟ್ ಎಂಜಿನ್ ಹೆಸರು. ಎಕೆಬಿ48 ಅನ್ನೋ ಇನ್ನೊಂದು ಬಂತು, ಅದು ಜಪಾನಿನ ಹುಡುಗಿಯರ ಹಾಡಿನ ತಂಡ! ಪ್ರಾಧ್ಯಾಪಕರ ಇನಿಷಿಯಲ್ಸ್ ಹೋಗಿ ಮಾರ್ಕೆಟಿಂಗ್ ಬಂದಿದೆ, ಅಂದರೆ ಈಗ ಅಣುವನ್ನು ವಿನ್ಯಾಸ ಮಾಡುತ್ತಿರುವುದೂ ಬೇರೆಯವರೇ. ಕೆಲವಂತೂ ಯಾವ ಸಂಶೋಧನಾ ಪತ್ರಿಕೆಯಲ್ಲೂ ಬಂದಿರಲಿಲ್ಲ, ಬರೀ ಪೇಟೆಂಟುಗಳಲ್ಲಿದ್ದವು. ಪೇಟೆಂಟ್ ಅಂದರೆ ಹೀಗೆ ಮಾಡಬಹುದು ಅನ್ನುವ ಹಕ್ಕುಪತ್ರ, ಮನುಷ್ಯರ ಮೇಲೆ ಪರೀಕ್ಷೆ ಮಾಡಿದ್ದೇವೆ ಅಂತಲ್ಲ. ಯುರೋಪಿನ ನಿಗಾ ಸಂಸ್ಥೆಯ ಪಟ್ಟಿಯಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಸಿಂಥೆಟಿಕ್ ಕ್ಯಾನಬಿನಾಯ್ಡ್‌ಗಳಿವೆ. ಚೀನಾ 2021ರ ಜುಲೈಯಲ್ಲಿ ಒಂದೊಂದಾಗಿ ಅಲ್ಲ, ಇಡೀ ಗುಂಪನ್ನೇ ನಿಷೇಧಿಸಿತು. ಅದಾದ ಮೇಲೆ ಆ ಗುಂಪಿನ ವ್ಯಾಖ್ಯೆಯ ಹೊರಗೆ ನಿಲ್ಲುವ ಹೊಸ ಅಣುಗಳು ಬಂದವು.

ಈ ಓಟದಲ್ಲಿ ಒಂದು ಕ್ರೂರ ತರ್ಕವಿದೆ. ಸಣ್ಣ ಪಾರ್ಸೆಲ್ಲಿನಲ್ಲಿ ಹೆಚ್ಚು ಡೋಸ್ ಸಾಗಿಸಿದಷ್ಟೂ ಲಾಭ. ಹಾಗಾಗಿ ಪ್ರತಿ ನಿಷೇಧದ ನಂತರ ಬಂದದ್ದರಲ್ಲಿ ಗೆದ್ದದ್ದು ಹಿಂದಿನದಕ್ಕಿಂತ ತೀಕ್ಷ್ಣವಾದದ್ದು.

ದೇಹದ ಮೇಲೆ ಇದರ ಲೆಕ್ಕ ನೋಡಿ. 2011ರಲ್ಲಿ ಟೆಕ್ಸಸ್‌ನ ವೈದ್ಯರು ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಮೂರು ಹುಡುಗರ ಬಗ್ಗೆ ಬರೆದರು. ಮೂವರಿಗೂ 16 ವರ್ಷ, ಮೂವರೂ ‘ಕೆ2’ ಸೇದಿದ್ದರು, ಮೂವರಿಗೂ ಹಾರ್ಟ್ ಅಟ್ಯಾಕ್. 2012ರಲ್ಲಿ ಅಮೆರಿಕದ ಆರು ರಾಜ್ಯಗಳಲ್ಲಿ 16 ಜನ ವಾಂತಿ, ಹೊಟ್ಟೆನೋವು, ಸೊಂಟನೋವು ಅಂತ ಆಸ್ಪತ್ರೆಗೆ ಬಂದರು. ಎಲ್ಲರಿಗೂ ಕಿಡ್ನಿ ಕೆಟ್ಟಿತ್ತು. ಹಲವರ ಸ್ಯಾಂಪಲ್ಲುಗಳಲ್ಲಿ ಸಿಕ್ಕಿದ್ದು ಎಕ್ಸ್‌ಎಲ್‌ಆರ್-11. ಗಾಂಜಾ ಸೇದಿ ಕಿಡ್ನಿ ಹೋಯಿತು ಅಂತ ನಾವು ಕೇಳಿದ್ದುಂಟಾ? ಫಿಟ್ಸ್, ಹುಚ್ಚುಹಿಡಿದಂಥ ಭ್ರಮೆ, ಎದೆಬಡಿತ ವಿಪರೀತ ಏರುವುದು, ಮೈ ಸುಡುವ ಜ್ವರ, ಸ್ನಾಯು ಕರಗುವುದು, ಇವೆಲ್ಲ ತುರ್ತುಚಿಕಿತ್ಸೆಯ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಫಿಟ್ಸ್ ಯಾಕೆ ಅಂದರೆ, ಸಿಬಿ1 ಬ್ರೇಕು ಕೆರಳಿಸುವ ನರಗಳ ಮೇಲೆ ಮಾತ್ರವಲ್ಲ, ಶಾಂತಗೊಳಿಸುವ ನರಗಳ ಮೇಲೂ ಇದೆ. ಶಾಂತಗೊಳಿಸುವುದನ್ನೇ ತಡೆದರೆ ಮಿದುಳಿಗೆ ಹಿಡಿತ ತಪ್ಪುತ್ತದೆ.

2016ರ ಜುಲೈ 12. ನ್ಯೂಯಾರ್ಕಿನ ಬ್ರೂಕ್ಲಿನ್. ಒಂದೇ ಬೀದಿಯ ಆಸುಪಾಸಿನಲ್ಲಿ 33 ಜನ ಏಕಾಏಕಿ ಹಾಗೇ ನಿಂತುಬಿಟ್ಟರು. ಕಣ್ಣು ತೆರೆದಿದೆ, ನೋಟ ಇಲ್ಲ. ಕೈಕಾಲು ಯಂತ್ರದ ಹಾಗೆ ನಿಧಾನ. ಕೇಳಿದರೆ ಬರೀ ನರಳಿಕೆ. ಪತ್ರಿಕೆಗಳು ‘ಝೋಂಬಿ’ ಅಂತ ಬರೆದವು, ಆ ಮಾತು ನನಗೆ ಹಿಡಿಸಲ್ಲ, ಅವರಲ್ಲಿ ಬಹುಪಾಲು ಬೀದಿ ಬದಿಯ ಬಡವರು. 18 ಜನರನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಮೊದಲಿಗೆ ಏನೂ ಸಿಗಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಲ್ಯಾಬೊಂದು ‘ಎಕೆ-47 24 ಕ್ಯಾರೆಟ್ ಗೋಲ್ಡ್’ ಎಂಬ ಪೊಟ್ಟಣದಿಂದ ಶುರುಮಾಡಿ ಹುಡುಕಿದಾಗ ಸಿಕ್ಕಿದ್ದು ಎಎಂಬಿ-ಫುಬಿನಾಕಾ. ಫೈಜರ್ 2009ರಲ್ಲಿ ಪೇಟೆಂಟ್ ಮಾಡಿದ ಅಣುವೊಂದರ ದಾಯಾದಿ. ಪೊಟ್ಟಣದ ಒಂದು ಗ್ರಾಂ ಸೊಪ್ಪಿನಲ್ಲಿ ಸುಮಾರು 16 ಮಿಲಿಗ್ರಾಂ. ಟಿಎಚ್‌ಸಿಗಿಂತ 85 ಪಟ್ಟು, ಜೆಡಬ್ಲ್ಯೂಎಚ್-018ಗಿಂತ 50 ಪಟ್ಟು ತೀಕ್ಷ್ಣ ಅಂತ ಅವರ ವರದಿ ಹೇಳಿತು. 2008ರಿಂದ 2016ಕ್ಕೆ, ಎಂಟೇ ವರ್ಷದಲ್ಲಿ 50 ಪಟ್ಟು. ಚಲನೆ ನಿಯಂತ್ರಿಸುವ ಭಾಗದಲ್ಲಿ ಸಿಬಿ1 ದಟ್ಟವಾಗಿದೆ ಅಂತ ಆಗಲೇ ಹೇಳಿದೆನಲ್ಲ, ಆ ಬ್ರೇಕು ಪೂರ್ತಿ ಒತ್ತಿದರೆ ಮನುಷ್ಯ ನಿಂತಲ್ಲೇ ನಿಲ್ಲುತ್ತಾನೆ. ಮುಂದೆ ಇದೇ ರಾಸಾಯನಿಕ ನ್ಯೂಜಿಲೆಂಡಿನಲ್ಲಿ ಹತ್ತಾರು ಸಾವುಗಳಿಗೆ ಕಾರಣವಾಯಿತು.

ಸಿಂಪಡಿಸುವ ಕೆಲಸವೂ ಯಾವುದೋ ಶೆಡ್ಡಿನಲ್ಲಿ, ಕಾಂಕ್ರೀಟ್ ಕಲಸುವ ಮಿಕ್ಸರಿನಂಥದ್ದರಲ್ಲಿ ನಡೆಯುತ್ತದೆ. ಅದೇ ಪೊಟ್ಟಣದ ಒಂದು ಮೂಲೆಯಲ್ಲಿ ಏನೂ ಇಲ್ಲ, ಇನ್ನೊಂದು ಮೂಲೆಯಲ್ಲಿ ಹತ್ತು ಪಾಲು. ನಿನ್ನೆ ಸೇದಿದಾಗ ಏನೂ ಆಗಲಿಲ್ಲ ಅನ್ನೋದು ಇವತ್ತಿಗೆ ಯಾವ ಗ್ಯಾರಂಟಿಯೂ ಅಲ್ಲ. 2018ರ ಮಾರ್ಚ್, ಏಪ್ರಿಲ್‌ನಲ್ಲಿ ಇಲಿನಾಯ್ಸ್ ರಾಜ್ಯದಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಮೂಗು, ವಸಡು, ಮೂತ್ರದಲ್ಲಿ ರಕ್ತ ಸುರಿಸಿಕೊಂಡು ಆಸ್ಪತ್ರೆಗೆ ಬಂದರು, ಕೆಲವರು ಸತ್ತರು. ಅವರು ಸೇದಿದ ಸೊಪ್ಪಿನಲ್ಲಿ ಬ್ರೋಡಿಫಾಕಮ್ ಇತ್ತು. ಇಲಿ ಪಾಷಾಣ. ಅದು ದೇಹದಿಂದ ಹೋಗಲು ತಿಂಗಳುಗಟ್ಟಲೆ ಬೇಕು, ಅಷ್ಟೂ ದಿನ ವಿಟಮಿನ್ ಕೆ ಮಾತ್ರೆ ನುಂಗುತ್ತಿರಬೇಕು.

ನಮ್ಮ ಸುದ್ದಿಗೆ ಬರೋಣ. ಮುಂಬೈ, ಪುಣೆಯವರು ಇಷ್ಟು ಹೊತ್ತಿಗೆ ಕೇಳ್ತಿರ್ತೀರಿ, ಇದೆಲ್ಲ ಅಲ್ಲಿಯದ್ದಾಯ್ತು, ಇಲ್ಲಿ ಎಂಡಿ ಕಥೆ ಏನು ಅಂತ. ಎಂಡಿ ಅಥವಾ ‘ಮ್ಯಾವ್ ಮ್ಯಾವ್’ ಅಂದರೆ ಮೆಫೆಡ್ರೋನ್. ಅದು ಕ್ಯಾನಬಿನಾಯ್ಡ್ ಅಲ್ಲ, ಬೇರೆ ಕುಟುಂಬ. ಪೂರ್ವ ಆಫ್ರಿಕಾದಲ್ಲಿ ಜನ ಅಗಿಯುವ ಖಾತ್ ಎಲೆಯ ಸಾರದ ನೆಂಟ, ಮೊದಲು ತಯಾರಾದದ್ದು 1929ರಲ್ಲಿ. ಅದು ಬ್ರೇಕ್ ಒತ್ತುವುದಿಲ್ಲ, ಆಕ್ಸಿಲರೇಟರ್ ಒತ್ತುತ್ತದೆ: ಡೋಪಮಿನ್, ಸೆರೊಟೋನಿನ್‌ಗಳನ್ನು ನರಕೋಶದೊಳಗಿನಿಂದ ಹೊರಕ್ಕೆ ಪಂಪ್ ಮಾಡಿಸುತ್ತದೆ. ಬೇಗ ಇಳಿಯುತ್ತದೆ, ಹಾಗಾಗಿ ರಾತ್ರಿಯೆಲ್ಲ ಮತ್ತೆ ಮತ್ತೆ ಎಳೆಯುತ್ತಾರೆ. ಆದರೆ ವ್ಯಾಪಾರದ ಚರಿತ್ರೆ ಮಾತ್ರ ಅಚ್ಚು ಅದೇ. ಹಳೆಯ ಪತ್ರಿಕೆಯಿಂದ ಎತ್ತಿದ ಅಣು, ಗಿಡಗಳ ಗೊಬ್ಬರ ಅಂತ ಲೇಬಲ್, ಕಾನೂನಿನಲ್ಲಿ ಹೆಸರಿಲ್ಲದ ಕೆಲವು ವರ್ಷ. ಬ್ರಿಟನ್ 2010ರಲ್ಲಿ ನಿಷೇಧಿಸಿತು. ನಮ್ಮ ಎನ್‌ಡಿಪಿಎಸ್ ಪಟ್ಟಿಗೆ ಸೇರಿದ್ದು 2015ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಮುಂಬೈ ಪೊಲೀಸರು ಹಿಡಿದರೂ ಆ ಕಾಯ್ದೆ ಹಾಕುವಂತಿರಲಿಲ್ಲ. 2024ರ ಫೆಬ್ರವರಿಯಲ್ಲಿ ಪುಣೆ ಪೊಲೀಸರು ದೌಂಡ್ ತಾಲೂಕಿನ ಕುರ್ಕುಂಭ್ ಎಂಐಡಿಸಿಯ ಫ್ಯಾಕ್ಟರಿಯೊಂದರಲ್ಲಿ ನೂರಾರು ಕಿಲೋ ಎಂಡಿ ಹಿಡಿದರು, ಎಳೆ ದೆಹಲಿಯವರೆಗೂ ಹೋಯಿತು.

ಇದನ್ನು ಮಾತಿಗೆ ಎತ್ತಿಕೊಳ್ಳಲು ಒಂದು ಕಾರಣವಿದೆ. ನಮ್ಮ ಕಡೆಯಿಂದ, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗದಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಪಿಜಿಗಳಲ್ಲಿ ಇರ್ತಾರೆ, ಭಾಷೆ ಬರಲ್ಲ, ವೀಕೆಂಡ್ ಬಂದರೆ ಯಾರೋ ಕರೀತಾರೆ. ಅಂಥ ಒಬ್ಬ ನನ್ನ ಹತ್ತಿರ, ‘ಅಣ್ಣ, ಇದು ಗಾಂಜಾನೂ ಅಲ್ಲ, ಬರೀ ಹರ್ಬಲ್ಲು, ಕಂಪನಿ ಟೆಸ್ಟಲ್ಲೂ ಬರಲ್ಲ’ ಅಂದ. ಅವನು ಹೇಳಿದ ಕೊನೆಯ ಭಾಗ ನಿಜ. ಮಾಮೂಲಿ ಮೂತ್ರ ಪರೀಕ್ಷೆ ಹುಡುಕುವುದು ಟಿಎಚ್‌ಸಿ ಒಡೆದಾಗ ಬರುವ ವಸ್ತುವನ್ನು. ಈ ಅಣುಗಳ ಆಕಾರವೇ ಬೇರೆ, ಸ್ಟ್ರಿಪ್ಪಿಗೆ ಕಾಣುವುದಿಲ್ಲ. ಆದರೆ ಕಂಪನಿಯ ಟೆಸ್ಟಿಗೆ ಕಾಣದ್ದು ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿರುವ ಡಾಕ್ಟರಿಗೂ ಕಾಣುವುದಿಲ್ಲ ಅಂತ ಅವನಿಗೆ ಹೊಳೆದಿರಲಿಲ್ಲ.

ಕ್ಯಾಶುವಾಲ್ಟಿಯಲ್ಲಿ ಏನು ಮಾಡ್ತಾರೆ? ಅಫೀಮಿಗೆ ನಾಲೊಕ್ಸೋನ್ ಇರುವ ಹಾಗೆ ಇದಕ್ಕೆ ಬಳಕೆಯಲ್ಲಿರುವ ಪ್ರತಿವಿಷ ಇಲ್ಲ. ರಿಮೊನಬಾಂಟ್ ತಾತ್ವಿಕವಾಗಿ ಆಗಬಹುದಿತ್ತು, ಅದರ ಗತಿ ಆಗಲೇ ಹೇಳಿದೆ. ಡ್ರಿಪ್ ಹಾಕ್ತಾರೆ, ಫಿಟ್ಸ್ ಮತ್ತು ಉದ್ವೇಗಕ್ಕೆ ಬೆಂಜೊಡಯಾಜಪೀನ್ ಕೊಡ್ತಾರೆ, ಇಸಿಜಿ, ಕಿಡ್ನಿ, ರಕ್ತ ಹೆಪ್ಪುಗಟ್ಟುವ ಸಮಯ ನೋಡ್ತಾರೆ. ಜೊತೆಗೆ ಹೋದವರು ಹೆದರಿ ‘ಏನೂ ತಗೊಂಡಿಲ್ಲ ಸಾರ್’ ಅಂದರೆ ಈ ಕೊನೆಯ ಎರಡು ಪರೀಕ್ಷೆ ಯಾರಿಗೂ ನೆನಪಾಗುವುದಿಲ್ಲ. ಪೊಟ್ಟಣ ಉಳಿದಿದ್ದರೆ ಅದನ್ನೇ ಡಾಕ್ಟರ ಕೈಗೆ ಕೊಡಿ. ಬ್ರೂಕ್ಲಿನ್‌ನಲ್ಲಿ ಒಗಟು ಬಿಡಿಸಿದ್ದೂ ಪೊಟ್ಟಣವೇ.

ಹಫ್‌ಮನ್ 2022ರಲ್ಲಿ ತೀರಿಕೊಂಡರು. ಅವರು ಕೀಲಿಕೈಗಳಿಂದ ಊಹಿಸಲು ಹೊರಟಿದ್ದ ಬೀಗದ ಒಳಗು ಅದಕ್ಕೂ ಮೊದಲೇ ಕಣ್ಣಿಗೆ ಬಿದ್ದಿತ್ತು. 2016ರಲ್ಲಿ ಸಿಬಿ1ರ ಮೊದಲ ಹರಳು ರಚನೆಗಳು ಪ್ರಕಟವಾದವು, ಅವು ಬೀಗ ಮುಚ್ಚಿದ ಸ್ಥಿತಿಯವು. ತೆರೆದು ಕೆಲಸ ಮಾಡುತ್ತಿರುವ ಸ್ಥಿತಿಯಲ್ಲಿ, ಜೀವಕೋಶದೊಳಗೆ ಸಂದೇಶ ಒಯ್ಯುವ ಪ್ರೋಟೀನಿನ ಸಮೇತ ಹಿಡಿಯಬೇಕಾದರೆ ಅದನ್ನು ಅಲುಗದಂತೆ ತೆರೆದಿಡುವ ಕೀಲಿಕೈ ಬೇಕಿತ್ತು. ನೊಬೆಲ್ ಪಡೆದ ಬ್ರಯನ್ ಕೊಬಿಲ್ಕಾ ಅವರಿದ್ದ ಸ್ಟ್ಯಾನ್‌ಫರ್ಡ್‌ನ ತಂಡ 2019ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಚಿತ್ರ ತೆಗೆಯಿತು. ಅವರು ಆರಿಸಿಕೊಂಡ ಕೀಲಿಕೈ ಎಂಡಿಎಂಬಿ-ಫುಬಿನಾಕಾ, ಬ್ರೂಕ್ಲಿನ್ ರಾಸಾಯನಿಕದ ಖಾಸಾ ತಮ್ಮ, ಅದೂ ಬೀದಿಯಲ್ಲಿ ಜನರನ್ನು ಆಸ್ಪತ್ರೆಗೆ ಕಳಿಸಿದ್ದೇ. ಚಿತ್ರದಲ್ಲಿ ಕಂಡದ್ದು ಇಷ್ಟು: ಬೀಗದೊಳಗೆ ಎರಡು ಸಣ್ಣ ಸ್ವಿಚ್ಚುಗಳಿವೆ, ಈ ಅಣು ಬಿರುಸಾಗಿ, ಬಾಗದೆ ಅಲ್ಲಿ ಕೂತು ಅವನ್ನು ತಿರುಗಿಸಿಯೇ ಹಿಡಿಯುತ್ತದೆ. ಟಿಎಚ್‌ಸಿ ಅದೇ ಜಾಗದಲ್ಲಿ ಮೆತ್ತಗೆ ಅಲುಗಾಡುತ್ತಿರುತ್ತದೆ.